ಕೆಲಸ ಕಳೆದುಕೊಂಡವರಿಗೆ ಇಎಸ್‌ಐ ಭತ್ಯೆ ತಲುಪಲಿ

ಮಾನ್ಯ ಸಂಪಾದಕರೇ,

2020ರ ಏಪ್ರಿಲ್–ಜೂನ್ ತ್ರೈಮಾಸಿಕದಲ್ಲಿ ದೇಶದ ಜಿಡಿಪಿ ಮೊದಲ ಅಂದಾಜಿನಂತೆ ಶೇ 23.9ರಷ್ಟು ಕುಸಿದು, ಮುಂದಿನ ತ್ರೈಮಾಸಿಕದಲ್ಲೂ ಶೇ 7.5ರಷ್ಟು ಇಳಿದುದರಿಂದ ದೇಶ ಆರ್ಥಿಕ ಹಿಂಜರಿತಕ್ಕೆ ಒಳಗಾಗಿದೆ ಎಂದು ಪತ್ರಿಕೆಗಳಲ್ಲಿ ಓದಿದ್ದು ಆ ವರ್ಷದ ನವೆಂಬರ್ ಕೊನೆಯಲ್ಲಿ. ಪೀಣ್ಯದ ಪಕ್ಕದ ಲಗ್ಗೆರೆಯಲ್ಲಿ ದಿನಸಿ ಅಂಗಡಿ ನಡೆಸುವ ನನಗೆ ಅದು ಜೂನ್‌ನಲ್ಲೇ ಅಂಗಡಿಯ ಸಾಲದ ಪುಸ್ತಕದಿಂದ ತಿಳಿದಿತ್ತು.

ನಮ್ಮ ಸುತ್ತಲಿನ ವಠಾರಗಳಲ್ಲಿ ತುಮಕೂರು, ಹಾಸನ, ಚಿತ್ರದುರ್ಗದ ಕಡೆಯಿಂದ ಬಂದು ಗಾರ್ಮೆಂಟ್ಸ್‌ನಲ್ಲಿ ದುಡಿಯುವ ಹೆಣ್ಣುಮಕ್ಕಳು ಬಹಳ ಮಂದಿ ಇದ್ದಾರೆ. ವಿದೇಶಿ ಖರೀದಿದಾರರು ಆರ್ಡರ್ ರದ್ದು ಮಾಡಿದಾಗ ಮೊದಲು ಇವರ ಓಟಿ (ಹೆಚ್ಚುವರಿ ಸಂಬಳದ ಹೆಚ್ಚುವರಿ ಹೊತ್ತಿನ ಕೆಲಸ) ನಿಂತಿತು, ಬಳಿಕ ವಾರದಲ್ಲಿ ಮೂರೇ ದಿನ ಕೆಲಸವೆಂದಾಯಿತು, ಕೊನೆಗೆ ಕೆಲವರನ್ನು ಗೇಟಿನಿಂದಲೇ ವಾಪಸು ಕಳುಹಿಸಿದರು. ಸಂಬಳದ ದಿನ ತಪ್ಪದೆ ಲೆಕ್ಕ ಚುಕ್ತಾ ಮಾಡುತ್ತಿದ್ದವರು ಒಂದು ಕೆ.ಜಿ. ತೊಗರಿಬೇಳೆಯ ಬದಲು ಕಾಲು ಕೆ.ಜಿ. ಕೇಳತೊಡಗಿದರು. ನಾನು ಯಶವಂತಪುರದ ಸಗಟು ವ್ಯಾಪಾರಿಗೆ ಬಾಕಿ ಉಳಿಸಿಕೊಂಡೆ. ಬಾಡಿಗೆ ಕೇಳಿದ ಮನೆ ಮಾಲೀಕರನ್ನೂ ದೂರಲಾರೆ, ಅವರಲ್ಲಿ ಹಲವರು ಬಾಡಿಗೆಯಿಂದಲೇ ಬ್ಯಾಂಕಿನ ಕಂತು ಕಟ್ಟುವವರು.

ಎಲ್ಲಕ್ಕಿಂತ ಹೆಚ್ಚು ನೋವು ತಂದದ್ದು ಸಂಘದ ಸಾಲ. ಗುಂಪಿನಲ್ಲಿ ಒಬ್ಬಳು ವಾರದ ಕಂತು ಕಟ್ಟದಿದ್ದರೆ ಉಳಿದವರು ಸೇರಿ ತುಂಬಬೇಕು. ಎಲ್ಲರ ಕೆಲಸವೂ ಒಟ್ಟಿಗೆ ಹೋದಾಗ ತುಂಬುವವರು ಯಾರು? ರಿಸರ್ವ್ ಬ್ಯಾಂಕ್ ಆ ವರ್ಷ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಕಂತು ಮುಂದೂಡಲು ಅವಕಾಶ ಕೊಟ್ಟಿತಾದರೂ ಬಡ್ಡಿ ಬೆಳೆಯುತ್ತಲೇ ಇತ್ತು. ಒಂದೇ ನಲ್ಲಿಯಲ್ಲಿ ನೀರು ಹಿಡಿದು, ಒಬ್ಬರ ಮಗುವನ್ನು ಇನ್ನೊಬ್ಬರು ನೋಡಿಕೊಂಡು ಕೆಲಸಕ್ಕೆ ಹೋಗುತ್ತಿದ್ದ ಇಬ್ಬರು ನಮ್ಮ ಅಂಗಡಿಯ ಮುಂದೆಯೇ ಒಂದು ಕಂತಿನ ವಿಷಯಕ್ಕೆ ಜಗಳವಾಡಿ ಮಾತು ಬಿಟ್ಟರು. ಒಬ್ಬಾಕೆ ಕಿವಿಯ ಓಲೆಯನ್ನು ಗಿರವಿಯಿಟ್ಟು ಬಾಕಿ ತೀರಿಸಿ, ಮಕ್ಕಳನ್ನು ಕರೆದುಕೊಂಡು ಊರಿಗೆ ಹೋದವಳು ಮರಳಿ ಬರಲಿಲ್ಲ. ಊರಿನಲ್ಲಿ ಅವಳ ಹಣಕ್ಕೆ ಕಾಯುತ್ತಿದ್ದ ಮುದಿ ತಾಯಿಯೂ ಇದ್ದರು.

ಇಂಥವರಿಗಾಗಿಯೇ ಇಎಸ್‌ಐ (ಕಾರ್ಮಿಕರ ರಾಜ್ಯ ವಿಮಾ) ನಿಗಮ 2018ರಲ್ಲಿ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆಯನ್ನು ಆರಂಭಿಸಿತು. ಕೆಲಸ ಕಳೆದುಕೊಂಡ ಅರ್ಹ ವಿಮಾದಾರರಿಗೆ ಗರಿಷ್ಠ 90 ದಿನಗಳವರೆಗೆ ಸರಾಸರಿ ವೇತನದ ಶೇ 25ರಷ್ಟು ಸಿಗುತ್ತಿದ್ದ ಭತ್ಯೆಯನ್ನು 2020ರಲ್ಲಿ ಶೇ 50ಕ್ಕೆ ಏರಿಸಲಾಯಿತು. ತಿಂಗಳು ತಿಂಗಳು ಸಂಬಳದಲ್ಲಿ ಇಎಸ್‌ಐ ಹಣ ಕಡಿತವಾಗುತ್ತಿದ್ದರೂ, ನಾನು ವಿಚಾರಿಸಿದ ಹೆಣ್ಣುಮಕ್ಕಳಲ್ಲಿ ಒಬ್ಬರೂ ಈ ಯೋಜನೆಯ ಹೆಸರು ಕೇಳಿರಲಿಲ್ಲ.

2025ರ ಆಗಸ್ಟ್‌ನಲ್ಲಿ ಅಮೆರಿಕ ನಮ್ಮ ಸರಕುಗಳ ಮೇಲಿನ ಸುಂಕವನ್ನು ಶೇ 50ಕ್ಕೆ ಏರಿಸಿದಾಗ ಅದೇ ಭಯ ಬೀದಿಗೆ ಮರಳಿತು. ಓಟಿ ಇದೆಯೇ ಎಂದು ಒಬ್ಬರನ್ನೊಬ್ಬರು ಕೇಳತೊಡಗಿದರು. ಓಟಿ ನಿಂತ ಸುದ್ದಿ ಬಂದ ವಾರವೇ ಕಾರ್ಮಿಕ ಇಲಾಖೆ ಮತ್ತು ಇಎಸ್‌ಐ ನಿಗಮದ ಸಿಬ್ಬಂದಿ ಕಾರ್ಖಾನೆಯ ಗೇಟಿನ ಬಳಿ, ಸಂಜೆ ಕೆಲಸ ಬಿಡುವ ಹೊತ್ತಿಗೆ ಬಂದು, ಕನ್ನಡದಲ್ಲಿ ವಿವರಿಸಿ ಅರ್ಜಿ ತುಂಬಿಸಿಕೊಡಬೇಕು. ಕೆಲಸ ಹೋದವರ ಸಂಘದ ಸಾಲದ ಕಂತನ್ನು ಕನಿಷ್ಠ ಆ 90 ದಿನಗಳಾದರೂ ಬಡ್ಡಿಯಿಲ್ಲದೆ ಮುಂದೂಡಲು ರಿಸರ್ವ್ ಬ್ಯಾಂಕ್ ಸೂಚಿಸಬೇಕೆಂದು ಈ ಮೂಲಕ ವಿನಂತಿಸುತ್ತೇನೆ.

– ದಿನಸಿ ವ್ಯಾಪಾರಿ, ಲಗ್ಗೆರೆ, ಬೆಂಗಳೂರು