ಮೊಣಕಾಲ ಪ್ಯಾಡಿಗೂ ಅಳತೆ ಬೇಕು

ಮಾನ್ಯ ಸಂಪಾದಕರೇ,

ಬಾಗಲಕೋಟೆ, ವಿಜಯಪುರ ಜಿಲ್ಲೆಗಳು ಸೈಕಲ್ ಓಟಗಾರರ ತವರು ಎಂಬ ಮಾತು ನಾಡಿಗೆಲ್ಲ ಗೊತ್ತಿರುವಂಥದ್ದು. ಡಾಂಬರು ರಸ್ತೆಯ ಮೇಲೆ ಹೆಸರು ಮಾಡಿದ ಈ ನೆಲದ ಮಕ್ಕಳು ಈಗ ಗುಡ್ಡ, ಮಡ್ಡಿ, ಹಳ್ಳದ ದಂಡೆಗಳಲ್ಲಿ ಮೌಂಟೇನ್ ಬೈಕ್ ಓಡಿಸುವುದನ್ನೂ ರೂಢಿಸಿಕೊಂಡಿದ್ದಾರೆ. ತಂದೆತಾಯಂದಿರು ಸಾಲ ಮಾಡಿಯಾದರೂ ಒಳ್ಳೆಯ ಸೈಕಲ್ ಕೊಡಿಸುತ್ತಾರೆ, ಹೆಲ್ಮೆಟ್ಟನ್ನೂ ಮರೆಯುವುದಿಲ್ಲ. ಆದರೆ ಮೊಣಕಾಲು, ಮೊಣಕೈಗಳ ಪ್ಯಾಡ್ ಮಾತ್ರ ಕೊನೆಗೆ ಕೈಯಲ್ಲಿ ಉಳಿದ ಹಣಕ್ಕೆ, ಅಂಗಡಿಯಲ್ಲಿ ಸಿಕ್ಕ ಸೈಜಿಗೆ ಒಪ್ಪಿಕೊಂಡು ತರುವ ವಸ್ತುವಾಗಿದೆ. ನಾನೂ ಹಾಗೆಯೇ ತಂದವನು. ಅದರ ಫಲವನ್ನು ನನ್ನ ಮಗಳು ಅನುಭವಿಸಿದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ನಾನು ವೃತ್ತಿಯಿಂದ ದರ್ಜಿ. ಇಪ್ಪತ್ತು ವರ್ಷಗಳಿಂದ ಕೊರಳಲ್ಲಿ ಟೇಪು ಹಾಕಿಕೊಂಡೇ ಬದುಕಿದವನು, ಮಗಳ ಪ್ಯಾಡ್ ಕೊಳ್ಳುವಾಗ ಆ ಟೇಪನ್ನು ಕೈಗೆತ್ತಿಕೊಳ್ಳಲಿಲ್ಲ. ಕಳೆದ ಚಳಿಗಾಲದಲ್ಲಿ ಗುಳೇದಗುಡ್ಡದ ಕಡೆಯ ಒಂದು ಕಲ್ಲುಗುಡ್ಡದ ಇಳಿಜಾರಿನಲ್ಲಿ ಅವಳ ಸೈಕಲ್ಲಿನ ಮುಂದಿನ ಗಾಲಿ ಸಡಿಲ ಗರಸಿನ ಮೇಲೆ ಜಾರಿ, ಬಲಗಾಲು ಊರಿಯೇ ಬಿದ್ದಳು. ನಾವು ಓಡಿಹೋಗಿ ನೋಡಿದಾಗ ಪ್ಯಾಡಿನ ಮೇಲೆ ಒಂದು ಗೀರೂ ಇರಲಿಲ್ಲ, ಏಕೆಂದರೆ ಅದು ಮೊಣಕಾಲಿನಿಂದ ಜಾರಿ ಅರ್ಧ ಕಾಲಿಗೆ ಇಳಿದು ಕುಳಿತಿತ್ತು. ಅದು ಕಾಯಬೇಕಾಗಿದ್ದ ಚಿಪ್ಪಿನ ಮೇಲೆ ಅಂಗೈಯಷ್ಟು ಚರ್ಮ ಕಿತ್ತುಹೋಗಿತ್ತು. ನಮ್ಮ ಭಾಗದ ಕೆಂಪು ಮರಳುಗಲ್ಲು ನೋಡಲು ಚೆಂದ, ಬಿದ್ದವರಿಗೆ ಮಾತ್ರ ಅದು ಉಜ್ಜುಗಾಗದವೇ ಸರಿ. ಗಾಯದೊಳಗೆ ಸೇರಿದ ಹರಳುಗಳನ್ನು ತೊಳೆದು ತೆಗೆಯಲು ವೈದ್ಯರಿಗೆ ಬಹಳ ಹೊತ್ತು ಹಿಡಿಯಿತು. ಮೊಣಕಾಲ ಚಿಪ್ಪಿನ ಮುಂದೆ, ಚರ್ಮದ ಕೆಳಗೇ ಒಂದು ತೆಳ್ಳನೆಯ ದ್ರವದ ಚೀಲವಿರುತ್ತದೆ, ಗಾಯದ ಕೊಳೆ ಅದಕ್ಕೆ ತಗುಲಿದರೆ ಸೋಂಕು ಬಿಗಡಾಯಿಸುತ್ತದೆ ಎಂದು ಅವರು ತಿಳಿಸಿ ಹೇಳಿದರು. ದೇವರ ದಯೆಯಿಂದ ಅಷ್ಟು ದೂರ ಹೋಗಲಿಲ್ಲ.

ಆ ರಾತ್ರಿ ಪ್ಯಾಡನ್ನು ಮಷೀನಿನ ದೀಪದ ಕೆಳಗೆ ಹಿಡಿದು ನೋಡಿದೆ. ಮೇಲ್ಗಡೆಯ ಇಲಾಸ್ಟಿಕ್ ಸೋತುಹೋಗಿತ್ತು. ಒಳಭಾಗದಲ್ಲಿ ಚರ್ಮಕ್ಕೆ ಅಂಟಿ ಹಿಡಿಯಬೇಕಾದ ಸಿಲಿಕಾನ್ ಪಟ್ಟಿಯ ಮೇಲೆ ಧೂಳು ಮತ್ತು ಬೆವರು ಸೇರಿ ಪದರಗಟ್ಟಿ, ಅದು ಹಿಡಿಯುವ ಬದಲು ಜಾರಿಸುವಂತಾಗಿತ್ತು. ಎಲ್ಲಕ್ಕಿಂತ ಮಿಗಿಲಾಗಿ, ಅದು ಬೆಳೆದ ಗಂಡಸಿನ ಮಧ್ಯಮ ಸೈಜು. ಹದಿನಾಲ್ಕು ವರ್ಷದ ಹುಡುಗಿಯ ತೊಡೆಗೆ ಅದನ್ನು ಹಾಕಿ, ವೆಲ್ಕ್ರೋ ಪಟ್ಟಿಯನ್ನು ಎಷ್ಟೇ ಎಳೆದು ಬಿಗಿದರೂ ಬಟ್ಟೆ ಮಡಿಕೆ ಬೀಳುತ್ತದೆಯೇ ಹೊರತು ಹಿಡಿತ ಬರುವುದಿಲ್ಲ. ರವಿಕೆಯ ಅಳತೆಯಲ್ಲಿ ಅರ್ಧ ಇಂಚು ತಪ್ಪಿದರೂ ಒಪ್ಪದ ನಾವು, ಮಗುವಿನ ಮೂಳೆ ಕಾಯುವ ಬಟ್ಟೆಯನ್ನು ಅಂದಾಜಿನ ಮೇಲೆ ಕೊಳ್ಳುತ್ತಿರುವುದು ನನ್ನ ಮನಸ್ಸನ್ನು ಇಂದಿಗೂ ಕೊರೆಯುತ್ತದೆ.

ಅಳತೆ ತೆಗೆಯುವುದು ಕಷ್ಟದ ಕೆಲಸವಲ್ಲ. ಮಗು ನೇರವಾಗಿ ನಿಂತಿರಲಿ. ಚಿಪ್ಪಿನ ನಡುಮಧ್ಯದಿಂದ ಮೇಲಕ್ಕೆ 10 ಸೆಂಟಿಮೀಟರ್ ಗುರುತು ಮಾಡಿ ಅಲ್ಲಿ ತೊಡೆಯ ಸುತ್ತಳತೆ ತೆಗೆಯಬೇಕು, ಕೆಳಗೆ ಮೀನಖಂಡ ಎಲ್ಲಿ ಹೆಚ್ಚು ದಪ್ಪವಿದೆಯೋ ಅಲ್ಲಿ ಇನ್ನೊಂದು ಸುತ್ತಳತೆ ತೆಗೆಯಬೇಕು. ಕೆಲವು ತಯಾರಕರು 10ರ ಬದಲು 15 ಸೆಂಟಿಮೀಟರ್ ಮೇಲೆ ಅಳೆಯಲು ಹೇಳುತ್ತಾರಾದ್ದರಿಂದ ಪ್ಯಾಡಿನ ಪೊಟ್ಟಣದ ಮೇಲಿನ ಪಟ್ಟಿಯನ್ನು ಓದಿಯೇ ಟೇಪು ಹಿಡಿಯುವುದು ಒಳ್ಳೆಯದು. ಅಳತೆ ಎರಡು ಸೈಜುಗಳ ನಡುವೆ ಬಂದರೆ ‘ಬೆಳೆಯುವ ಮಗು, ದೊಡ್ಡದೇ ಇರಲಿ’ ಎಂಬ ನಮ್ಮ ಹಳೆಯ ಲೆಕ್ಕವನ್ನು ಇಲ್ಲಿ ಬಿಡಬೇಕು. ಶಾಲೆಯ ಅಂಗಿಗೆ ಆ ಲೆಕ್ಕ ಸರಿ, ಪ್ಯಾಡಿಗೆ ಅದು ಅಪಾಯ. ಹಾಕಿಕೊಂಡ ಮೇಲೆ ಮಗು ಇಪ್ಪತ್ತು ಬಾರಿ ಪೂರ್ತಿ ಕುಕ್ಕುರುಗಾಲಿನಲ್ಲಿ ಕುಳಿತು ಏಳಲಿ, ಅಂಗಡಿಯ ನೆಲದ ಮೇಲೆ ಮೊಣಕಾಲೂರಲಿ, ಬಳಿಕ ನಾವೇ ಪ್ಯಾಡಿನ ಕೆಳಗಿನ ಅಂಚನ್ನು ಹಿಡಿದು ಕೆಳಕ್ಕೆ ಜೋರಾಗಿ ಎಳೆಯಬೇಕು. ಚಿಪ್ಪು ಹೊರಗೆ ಕಂಡರೆ ಆ ಪ್ಯಾಡ್ ಎಷ್ಟೇ ದುಬಾರಿಯದಾಗಿದ್ದರೂ ಆ ಮಗುವಿನದಲ್ಲ. ಕಾಲು ಜುಮ್ಮೆಂದರೆ ಅಥವಾ ಮೊಣಕಾಲಿನ ಹಿಂಬದಿಯಲ್ಲಿ ಕೆಂಪು ಗೆರೆ ಮೂಡಿದರೆ ಬಿಗಿ ಹೆಚ್ಚಾಗಿದೆ ಎಂದು ಅರ್ಥ. ಹಿಂಬದಿಯ ಹೊಲಿಗೆಯನ್ನು ಬೆರಳಿನಿಂದ ಸವರಿ ನೋಡುವುದನ್ನೂ ಮರೆಯಬಾರದು. ನಿಮಿಷಕ್ಕೆ 80 ಸುತ್ತು ಪೆಡಲ್ ತುಳಿಯುವ ಮಗುವಿನ ಮೊಣಕಾಲು ಒಂದು ಗಂಟೆಯಲ್ಲಿ 4,800 ಬಾರಿ ಮಡಚುತ್ತದೆ. ಉಬ್ಬಿದ ಹೊಲಿಗೆಯೊಂದು ಅಲ್ಲಿ ಏನು ಮಾಡೀತು ಎಂಬುದನ್ನು ದರ್ಜಿಯೇ ಹೇಳಬೇಕೆಂದಿಲ್ಲ.

ಅಳತೆ ಸರಿಹೋದ ಮೇಲೆ ನೋಡಬೇಕಾದದ್ದು ಒಳಗಿನ ಲೇಬಲ್. ಮೋಟಾರ್ ಬೈಕಿನ ಹೆಲ್ಮೆಟ್ ಮೇಲೆ ಐಎಸ್‌ಐ ಗುರುತು ಹುಡುಕುವುದನ್ನು ನಾವು ಕಲಿತಿದ್ದೇವೆ, ಪ್ಯಾಡಿಗೂ ಅಂಥದೊಂದು ಗುರುತಿದೆ. ಯುರೋಪಿನಲ್ಲಿ ಮೋಟಾರ್ ಸೈಕಲ್ ಸವಾರರ ಕೈಕಾಲುಗಳ ರಕ್ಷಣೆಗೆಂದು ರೂಪಿಸಿದ ಇಎನ್ 1621-1 ಎಂಬ ಮಾನದಂಡವನ್ನೇ ಮೌಂಟೇನ್ ಬೈಕ್ ಪ್ಯಾಡ್ ತಯಾರಕರಲ್ಲಿ ಹಲವರು ಅನುಸರಿಸುತ್ತಾರೆ. ಐದು ಕಿಲೋ ತೂಕವನ್ನು ಸುಮಾರು ಒಂದು ಮೀಟರ್ ಎತ್ತರದಿಂದ ಬೀಳಿಸಿದಷ್ಟು, ಅಂದರೆ 50 ಜೂಲ್‌ಗಳ ಪೆಟ್ಟನ್ನು ಪ್ಯಾಡಿನ ಮೇಲೆ ಹಾಕಿ, ಅದನ್ನು ದಾಟಿ ಕೆಳಗೆ ಎಷ್ಟು ಬಲ ತಲುಪುತ್ತದೆ ಎಂದು ಅಳೆಯುತ್ತಾರೆ. ಸರಾಸರಿ 35 ಕಿಲೋನ್ಯೂಟನ್ ಮೀರದಿದ್ದರೆ ಅದು ಒಂದನೇ ಹಂತ, 20 ಮೀರದಿದ್ದರೆ ಎರಡನೇ ಹಂತ. ಲೇಬಲ್ಲಿನಲ್ಲಿ ಬೈಕ್ ಸವಾರನ ಚಿಕ್ಕ ಚಿತ್ರ, ಮೊಣಕಾಲಿಗೆ ‘ಕೆ’, ಮೊಣಕೈಗೆ ‘ಇ’ ಎಂಬ ಇಂಗ್ಲಿಷ್ ಅಕ್ಷರ, ಹಂತದ ಅಂಕಿ ಇವೆಲ್ಲ ಇರುತ್ತವೆ. ಬರೀ ‘ಸಿಇ’ ಎಂಬ ಯುರೋಪಿನ ಗುರುತಷ್ಟೇ ಅಚ್ಚಾಗಿದ್ದು ಮಾನದಂಡದ ಸಂಖ್ಯೆ ಇಲ್ಲದಿದ್ದರೆ ಯಾವ ಪರೀಕ್ಷೆಯಲ್ಲಿ ಪಾಸಾಗಿದೆ ಎಂದು ಅಂಗಡಿಯವರನ್ನು ಕೇಳುವ ಹಕ್ಕು ನಮಗಿದೆ.

ಈ ಲೇಬಲ್ಲಿನಲ್ಲಿ ನಮ್ಮ ಜಿಲ್ಲೆಯವರು ವಿಶೇಷವಾಗಿ ಹುಡುಕಬೇಕಾದ ಒಂದು ಗುರುತಿದೆ, ಅದನ್ನು ಯಾರೂ ಹೇಳುವುದಿಲ್ಲ. ಈಗಿನ ಮೆತ್ತನೆಯ ಪ್ಯಾಡುಗಳೊಳಗೆ ಇರುವುದು ಸಾಮಾನ್ಯ ಸ್ಪಂಜಲ್ಲ. ನಿಧಾನವಾಗಿ ಒತ್ತಿದರೆ ನಾದಿದ ಹಿಟ್ಟಿನಂತೆ ಬಾಗುವ, ಥಟ್ಟನೆ ಪೆಟ್ಟು ಬಿದ್ದರೆ ಆ ಕ್ಷಣಕ್ಕೆ ಗಟ್ಟಿಯಾಗುವ ವಸ್ತು ಅದು. ಅದರ ಗುಣ ಹವಾಮಾನದೊಂದಿಗೆ ಬದಲಾಗುತ್ತದೆ: ಚಳಿಯಲ್ಲಿ ಬಿರುಸಾಗುತ್ತದೆ, ಬಿಸಿಲಿಗೆ ಮೆತ್ತಗಾಗುತ್ತದೆ. ಮೆತ್ತಗಾದಷ್ಟೂ ಪೆಟ್ಟನ್ನು ತಡೆಯುವ ಶಕ್ತಿ ಕುಗ್ಗಬಹುದು. ಆದ್ದರಿಂದಲೇ ಆ ಮಾನದಂಡದಲ್ಲಿ 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಡೆಸುವ ಐಚ್ಛಿಕ ಪರೀಕ್ಷೆಯೊಂದಿದೆ, ಅದರಲ್ಲಿ ತೇರ್ಗಡೆಯಾದ ಪ್ಯಾಡಿನ ಮೇಲೆ ‘ಟಿ’ ಅಕ್ಷರದ ಜೊತೆಗೆ ಕೂಡು ಚಿಹ್ನೆ ಇರುತ್ತದೆ. ಕಳೆ ಚಿಹ್ನೆಯ ‘ಟಿ’ ಇದ್ದರೆ ಅದು ಸೊನ್ನೆಗಿಂತ 10 ಡಿಗ್ರಿ ಕೆಳಗಿನ ಪರೀಕ್ಷೆ, ಹಿಮಾಲಯದ ಸವಾರರಿಗೆ ಬೇಕಾದದ್ದು. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಬಾಗಲಕೋಟೆಯಲ್ಲಿ ನಮಗೆ ಬೇಕಾದದ್ದು ಕೂಡು ಚಿಹ್ನೆಯದು. ಬಿಸಿಲಲ್ಲಿ ನಿಂತ ಕಾರಿನ ಹಿಂಬದಿಯಲ್ಲಿ ಪ್ಯಾಡುಗಳನ್ನು ಇಟ್ಟು, ನೇರವಾಗಿ ಅಲ್ಲಿಂದ ತೆಗೆದು ಮಕ್ಕಳಿಗೆ ತೊಡಿಸುವುದನ್ನು ಈ ಕಾರಣಕ್ಕಾಗಿಯೇ ನಿಲ್ಲಿಸಬೇಕು.

ಮೇಲೆ ಗಟ್ಟಿ ಪ್ಲಾಸ್ಟಿಕ್ ಬಟ್ಟಲಿರುವ ಪ್ಯಾಡ್ ಬೇಕೋ, ಬರೀ ಮೆತ್ತನೆಯದು ಸಾಕೋ ಎಂದು ಹಲವರು ಕೇಳುತ್ತಾರೆ. ಚೂಪು ಕಲ್ಲಿನ ಒಂದೇ ಮೊನೆಯ ಪೆಟ್ಟನ್ನು ಗಟ್ಟಿ ಬಟ್ಟಲು ಸುತ್ತಲೂ ಹರಡುತ್ತದೆ, ನೆಲಕ್ಕೆ ಸಿಕ್ಕಿಕೊಳ್ಳದೆ ಜಾರುತ್ತದೆ, ಕಡಿದಾದ ಇಳಿಜಾರಿಗೆ ಅದೇ ಮೇಲು. ಆದರೆ ಅದನ್ನು ತೊಟ್ಟು ಗುಡ್ಡ ಹತ್ತಿದರೆ ಬೆವರಿನಲ್ಲಿ ಕಾಲು ಬೆಂದುಹೋಗುತ್ತದೆ. ದಿನದ ಅಭ್ಯಾಸಕ್ಕೆ ಮುಂಭಾಗದ ಬಟ್ಟೆ ಕೆವ್ಲಾರ್‌ನಂತಹ ಗಟ್ಟಿ ನೂಲಿನದಾಗಿರುವ, ಚಿಪ್ಪಿನ ಎರಡೂ ಪಕ್ಕಕ್ಕೆ ಸಣ್ಣ ದಿಂಬುಗಳಿರುವ ಮೆತ್ತನೆಯ ಪ್ಯಾಡ್ ಒಳ್ಳೆಯದೆಂಬುದು ನನ್ನ ಅಭಿಪ್ರಾಯ. ನಮ್ಮ ಮರಳುಗಲ್ಲಿಗೆ ತೆಳು ನೈಲಾನ್ ಒಂದೇ ಬಾರಿಗೆ ಹರಿದುಹೋಗುತ್ತದೆ. ಎರಡನೇ ಹಂತದ ದಪ್ಪ ಪ್ಯಾಡನ್ನು ಸೆಕೆಗೆ ತಾಳಲಾರದೆ ಮಗು ಚೀಲದಲ್ಲೇ ಇಡುವುದಾದರೆ, ತೊಟ್ಟುಕೊಂಡೇ ಇರಬಲ್ಲ ಒಂದನೇ ಹಂತದ್ದನ್ನು ಕೊಡಿಸುವುದು ಲೇಸು. ಬೂಟು ಕಳಚದೆಯೇ ತೆರೆದು ಹಾಕಬಹುದಾದ ಪ್ಯಾಡ್ ಆದರೆ ಏರುವಾಗ ಚೀಲಕ್ಕೆ ಕಟ್ಟಿಕೊಂಡು, ತುದಿಯಲ್ಲಿ ನಿಂತು ತೊಟ್ಟು ಇಳಿಯಬಹುದು. ನಯವಾದ ನೆಲಕ್ಕೆಂದು ಮಾಡಿದ ಸ್ಕೇಟಿಂಗ್ ಪ್ಯಾಡುಗಳನ್ನು ಗುಡ್ಡಕ್ಕೆ ಒಯ್ಯುವುದು ಬೇಡ. ಅವುಗಳ ಮಾನದಂಡವೂ ಬೇರೆ, ಇಎನ್ 14120.

ಮೊಣಕೈಯ ವಿಚಾರವೂ ಹೆಚ್ಚುಕಡಿಮೆ ಇದೇ. ಅಲ್ಲಿ ಮೂಳೆಗೂ ಚರ್ಮಕ್ಕೂ ನಡುವೆ ಮಾಂಸವೇ ಇಲ್ಲದಿರುವುದರಿಂದ ಪ್ಯಾಡ್ ಮಣಿಕಟ್ಟಿನ ಕಡೆಗೆ ಜಾರದಂತೆ ಮೇಲ್ತೋಳಿನ ಪಟ್ಟಿಯ ಹಿಡಿತವನ್ನು ಇನ್ನಷ್ಟು ಎಚ್ಚರದಿಂದ ನೋಡಬೇಕು.

ಪ್ಯಾಡ್ ಎಲ್ಲದರಿಂದಲೂ ಕಾಯುತ್ತದೆ ಎಂದು ಯಾರೂ ತಿಳಿಯಬಾರದು. ಅದು ಪೆಟ್ಟನ್ನೂ ತರಚುವಿಕೆಯನ್ನೂ ತಗ್ಗಿಸುತ್ತದೆ, ಮೊಣಕಾಲು ಪಕ್ಕಕ್ಕೆ ತಿರುಚಿ ಒಳಗಿನ ಅಸ್ಥಿರಜ್ಜು ಹರಿಯುವುದನ್ನು ತಡೆಯುವ ಶಕ್ತಿ ಅದಕ್ಕಿಲ್ಲ. ಹಿಂದೆ ಅಂಥ ಪೆಟ್ಟಾದವರು ವೈದ್ಯರನ್ನು ಕೇಳಿ ಕೀಲಿನ ಬ್ರೇಸ್ ಬಳಸಬೇಕೇ ವಿನಾ ಪ್ಯಾಡನ್ನು ನಂಬಿ ಇಳಿಯಬಾರದು.

ಇನ್ನು ಆರೈಕೆ. ಒಳಗಿನ ತುಂಡನ್ನು ತೆಗೆಯಲು ಬಂದರೆ ತೆಗೆದು, ವೆಲ್ಕ್ರೋ ಮುಚ್ಚಿ, ತಣ್ಣೀರಿನಲ್ಲಿ ಮೃದು ಸಾಬೂನಿನಿಂದ ಕೈಯಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಬೇಕು. ಸಿಲಿಕಾನ್ ಪಟ್ಟಿಯನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಅಂಟು ಮರಳಿ ಬರುತ್ತದೆ. ಸುಗ್ಗಿಯ ಹೊತ್ತಿಗೆ ದಾರಿಬದಿಯ ಉತ್ತರಾಣಿ ಬೀಜಗಳು ವೆಲ್ಕ್ರೋದ ಕೊಕ್ಕೆಗಳಲ್ಲಿ ಸೇರಿಕೊಂಡು ಹಿಡಿತವನ್ನೇ ಕೆಡಿಸುತ್ತವೆ, ಅವನ್ನು ನಾನು ಸೂಜಿಯಿಂದ ಒಂದೊಂದಾಗಿ ಬಿಡಿಸುತ್ತೇನೆ. ಇಲಾಸ್ಟಿಕ್ ಸೋತರೆ ಪ್ಯಾಡನ್ನು ಎಸೆಯಬೇಕಿಲ್ಲ, ಒಳಗಿನ ತುಂಡು ಬಿರುಕು ಬಿಡದಿದ್ದರೆ ಯಾವ ದರ್ಜಿಯಾದರೂ ಹೊಸ ಪಟ್ಟಿ ಹೊಲಿದುಕೊಡಬಲ್ಲ.

ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವು ಇಳಿಜಾರು ಸ್ಪರ್ಧೆಗಳಿಗೆ ಮುಖ ಮುಚ್ಚುವ ಹೆಲ್ಮೆಟ್ಟನ್ನು ಕಡ್ಡಾಯ ಮಾಡಿದೆ, ಮೊಣಕಾಲು, ಮೊಣಕೈ, ಬೆನ್ನು, ಭುಜಗಳ ರಕ್ಷಣೆಯನ್ನು ಬಲವಾಗಿ ಶಿಫಾರಸು ಮಾಡಿದೆ. ನಮ್ಮಲ್ಲಿ ತರಬೇತಿ ಕೊಡುವವರೂ ಸ್ಪರ್ಧೆ ನಡೆಸುವವರೂ ಕ್ರೀಡಾ ಇಲಾಖೆಯವರೂ ಮಕ್ಕಳ ಪ್ಯಾಡಿನ ವಿಚಾರದಲ್ಲಿ ಶಿಫಾರಸಿನ ಆಚೆಗೆ ಒಂದು ಹೆಜ್ಜೆ ಇಡಬೇಕೆಂದು ಕೈಮುಗಿದು ಕೇಳುತ್ತೇನೆ. ಪ್ಯಾಡುಗಳನ್ನು ಒಟ್ಟಿಗೆ ಖರೀದಿಸುವುದಾದರೆ ಪ್ರತಿ ಮಗುವಿನ ಅಳತೆ ಬರೆದುಕೊಂಡೇ ಖರೀದಿಸಲಿ, ಆರು ತಿಂಗಳಿಗೊಮ್ಮೆ ಮತ್ತೆ ಅಳೆಯಲಿ. ಅಂಗಡಿಯವರು ಮಕ್ಕಳ ಸೈಜುಗಳನ್ನು ತರಿಸಿಟ್ಟು ತೊಡಿಸಿ ನೋಡಲು ಬಿಡಲಿ. ಗುಡ್ಡದ ಇಳಿಜಾರಿಗೆ ಬಿಡುವ ಮುನ್ನ ಗೆರೆಯ ಬಳಿ ನಿಂತವರು ಪ್ರತಿ ಮಗುವಿನ ಪ್ಯಾಡಿನ ಅಂಚನ್ನು ಹಿಡಿದು ಒಮ್ಮೆ ಕೆಳಕ್ಕೆ ಎಳೆದು ನೋಡಲಿ. ಒಂದು ಮಗುವಿಗೆ ಅರ್ಧ ನಿಮಿಷವೂ ಹಿಡಿಯುವುದಿಲ್ಲ.

ಇಂತಿ,
ಸೈಕಲ್ ಓಟಗಾರ್ತಿಯೊಬ್ಬಳ ತಂದೆ,
ನವನಗರ, ಬಾಗಲಕೋಟೆ