ದಡದ ಗಡ್ಡೆಗಳನ್ನು ಕೀಳಬೇಡಿ, ರುಚಿ ನೋಡಬೇಡಿ

ಗೆಳೆಯರೇ, ಮೆಡಿಟರೇನಿಯನ್ ದಡದ ಮರಳಲ್ಲಿ ಬೆಳೆಯುವ ಸೀ ಡ್ಯಾಫೊಡಿಲ್ ಎಂಬ ಗಡ್ಡೆ ಗಿಡದ ಬಗ್ಗೆ ಒಂದು ಮಾತು. ಹೂವು ಬಿಳಿ, ಪರಿಮಳವೂ ಚೆನ್ನ. ಹಗುರವಾದ ಕಪ್ಪು ಬೀಜಗಳು ಅಲೆಗಳ ಮೇಲೆ ತೇಲುತ್ತಾ ಬೇರೆ ದಡ ಸೇರುತ್ತವೆ.

ಔಷಧದ ಗುಣ ಇರುವುದು ಮರಳಿನಾಳದ ಗಡ್ಡೆಯಲ್ಲಿ. ಅದರಲ್ಲಿರುವ ಗ್ಯಾಲಂಟಮೈನ್ ಎಂಬ ಆಲ್ಕಲಾಯ್ಡ್ (ಗಿಡಗಳಲ್ಲಿರುವ ಒಂದು ಬಗೆಯ ರಾಸಾಯನಿಕ), ಮಿದುಳಲ್ಲಿ ಅಸಿಟೈಲ್‌ಕೋಲಿನ್ ಎಂಬ ನೆನಪಿಗೆ ಬೇಕಾದ ರಾಸಾಯನಿಕವನ್ನು ಒಡೆಯುವ ಕಿಣ್ವವನ್ನು ತಡೆಯುತ್ತದೆ. ಹಾಗಾಗಿಯೇ ಆಲ್‌ಝೈಮರ್ಸ್ ಎಂಬ ಮರೆವಿನ ಕಾಯಿಲೆಯ ರೋಗಿಗಳಿಗೆ ಗ್ಯಾಲಂಟಮೈನ್ ಕೊಡುತ್ತಾರೆ. ಅಮೆರಿಕದಲ್ಲಿ 2001ರಲ್ಲಿ ಒಪ್ಪಿಗೆ ಸಿಕ್ಕಿತು. ರೋಗ ವಾಸಿಯಾಗುವುದಿಲ್ಲ, ನೆನಪಿಗೆ ಸ್ವಲ್ಪ ಆಸರೆ ಸಿಗುತ್ತದೆ. ಅದೂ ದೊಡ್ಡ ವಿಷಯವೇ.

ಆದರೆ ಅದೇ ಗಡ್ಡೆಯಲ್ಲಿ ಲೈಕೋರಿನ್ ಎಂಬ ವಿಷವೂ ಇದೆ. ತಿಂದರೆ ವಾಂತಿ, ಭೇದಿ. ನೋಡಲು ಈರುಳ್ಳಿಯ ಹಾಗಿರುವುದರಿಂದ ಮಕ್ಕಳ ಮೇಲೆ ಜಾಸ್ತಿ ಗಮನವಿರಲಿ. ಔಷಧಿ ಗಿಡ ಅಲ್ವಾ ಅಂತ ಸುಮ್ನೆ ಕಷಾಯ ಮಾಡಬೇಡಿ. ಗಡ್ಡೆ ಕಿತ್ತರೆ ಗಿಡವೇ ಹೋಗುತ್ತದೆ. ಕಂಡರೆ ಫೋಟೊ ಮಾತ್ರ ತೆಗೆದು ಇಲ್ಲಿ ಹಾಕಿ.