ವಿಯೆನ್ನಾದಿಂದ ಎರಡು ಎಳೆ ನೂಲು

ವಿಯೆನ್ನಾ, ಭಾನುವಾರ ರಾತ್ರಿ

ಪುಟ್ಟಿ,

ನಾನೂ ನಿಮ್ಮಮ್ಮನೂ ಆರಾಮಾಗಿದ್ದೇವೆ. ನಿಮ್ಮಣ್ಣನ ಮನೆಯಲ್ಲಿ ಊಟ ತಿಂಡಿಗೆ ಏನೂ ತೊಂದರೆಯಿಲ್ಲ. ಜೋಳದ ಹಿಟ್ಟು ಊರಿಂದಲೇ ತಂದಿದ್ದೇವಲ್ಲ. "ಅಪ್ಪಾಜಿ, ಬರೀ ಫೋಟೋ ಕಳಿಸಬೇಡಿ, ನೀವು ನೋಡಿದ್ದನ್ನು ಬರೆದು ಕಳಿಸಿ" ಅಂದಿದ್ದೆ. ಬರೆಯೋಣ ಬರೆಯೋಣ ಅನ್ನುತ್ತಲೇ ಮೂರು ದಿನ ಹೋಯಿತು. ಇವತ್ತು ಬರೆಯದೆ ಮಲಗಲು ಮನಸ್ಸಾಗಲಿಲ್ಲ.

ಈ ಊರಿನ ನಟ್ಟನಡುವೆ ಸಂತ ಸ್ಟೀಫನ್ನರ ದೊಡ್ಡ ಚರ್ಚಿದೆ. ಇಲ್ಲಿಯವರು ಸ್ಟೆಫಾನ್ಸ್‌ಡೋಮ್ ಅನ್ನುತ್ತಾರೆ. ಅದರ ದಕ್ಷಿಣದ ಗೋಪುರ 136 ಮೀಟರ್ ಎತ್ತರ, 1433ರಲ್ಲಿ ಕಟ್ಟಿ ಮುಗಿಸಿದ್ದು. ಅಲ್ಲಿ ನಿಂತವರೆಲ್ಲ ಕತ್ತು ಮೇಲೆತ್ತಿ ಅದನ್ನೇ ನೋಡುತ್ತಿದ್ದರು. ನನ್ನ ಕಣ್ಣು ಮಾತ್ರ ಮುಂಬಾಗಿಲ ಎಡಗಡೆಯ ಗೋಡೆಗೆ ಹೋಯಿತು. ಅಲ್ಲಿ ಕಲ್ಲಿಗೆ ಎರಡು ಲೋಹದ ಕಡ್ಡಿ ಬಿಗಿದಿದ್ದಾರೆ. ಒಂದು ಉದ್ದ, ಇನ್ನೊಂದು ಸ್ವಲ್ಪ ಗಿಡ್ಡ. ಮೂವತ್ತು ವರ್ಷ ಬಟ್ಟೆ ಅಂಗಡಿಯಲ್ಲಿ ನಿಂತವನಿಗೆ ಯಾರೂ ಹೇಳಬೇಕಾಗಲಿಲ್ಲ. ಅಳತೆಗೋಲು ಅಂತ ನೋಡಿದ ಕೂಡಲೇ ತಿಳಿಯಿತು.

ಅಣ್ಣ ವಿಚಾರಿಸಿ ಹೇಳಿದ. ಉದ್ದದ್ದು ಲಿನನ್ ಬಟ್ಟೆಗೆ, ಗಿಡ್ಡದ್ದು ಉಣ್ಣೆ ಬಟ್ಟೆಗೆ. ವ್ಯಾಪಾರಿ ಕಡಿಮೆ ಕತ್ತರಿಸಿ ಕೊಟ್ಟ ಅಂತ ಅನುಮಾನ ಬಂದವರು ಬಟ್ಟೆ ತಂದು ಇದರ ಮೇಲೆ ಹಿಡಿದು ನೋಡಬಹುದಿತ್ತಂತೆ. ದೇವರ ಬಾಗಿಲಲ್ಲೇ ಅಳತೆ! ಅಳತೆಯ ಹೆಸರು ಎಲ್ಲೆ. ಜರ್ಮನ್ ಭಾಷೆಯಲ್ಲಿ ಮುಂಗೈ ಎಲುಬಿಗೂ ಅದೇ ಹೆಸರು. ಅಂದರೆ ನಮ್ಮ ಮೊಳವೇ ಅಲ್ವಾ? ನಿಮ್ಮಜ್ಜಿ ಹೂವಿನವಳ ಹತ್ತಿರ "ನಿನ್ನ ಕೈ ಗಿಡ್ಡ, ನನ್ನ ಕೈಯಲ್ಲಿ ಅಳೆದು ಕೊಡು" ಅಂತ ದಿನಾ ಹಟ ಮಾಡುತ್ತಿದ್ದದ್ದು ನೆನಪಾಯಿತು. ಆ ಜಗಳ ಇಲ್ಲೂ ಆಗಿರಬೇಕು. ಅದಕ್ಕೇ ಊರವರೆಲ್ಲ ಒಪ್ಪುವ ಒಂದು ಮೊಳವನ್ನು ಗೋಡೆಗೇ ಬಿಗಿದುಬಿಟ್ಟಿದ್ದಾರೆ.

ಉದ್ದದ ಕಡ್ಡಿ ಸುಮಾರು 90 ಸೆಂಟಿಮೀಟರ್. ನಮ್ಮ ಹಳೇ ಗಜಕ್ಕಿಂತ ಒಂದು ಬೆರಳು ಕಡಿಮೆ, ಅಷ್ಟೇ. ಗಿಡ್ಡದ್ದು 78ರ ಹತ್ತಿರ. ಕೈಯಿಟ್ಟು ನೋಡಿದೆ. ತಣ್ಣಗಿತ್ತು. ನಿಮ್ಮಜ್ಜ ಮೀಟರ್ ಕಡ್ಡಿಯನ್ನು ದಿನಾ ಬೆಳಿಗ್ಗೆ ಒರೆಸಿ, ಕಣ್ಣಿಗೆ ಒತ್ತಿಕೊಂಡು ಗಲ್ಲಾಪೆಟ್ಟಿಗೆಯ ಪಕ್ಕ ಇಡುತ್ತಿದ್ದರು. ಅವರು ಇದನ್ನೊಮ್ಮೆ ನೋಡಬೇಕಿತ್ತು.

ಚರ್ಚಿನ ಚಾವಣಿ ನೋಡಿದರೆ ಯಾರೋ ಮಗ್ಗದಲ್ಲಿ ನೇಯ್ದು ಹೊದಿಸಿದ ಹಾಗಿದೆ. ಹಸಿರು, ಹಳದಿ, ಬಿಳಿ, ಕಪ್ಪು ಬಣ್ಣದ ಹೊಳೆಯುವ ಹೆಂಚುಗಳು ಅಂಕುಡೊಂಕು ಪಟ್ಟೆಯಾಗಿ ಇಳಿದಿವೆ. ಸುಮಾರು 2,30,000 ಹೆಂಚು. ಹಳೇ ಚಾವಣಿ ಮರದ್ದು. 1945ರ ಏಪ್ರಿಲ್‌ನಲ್ಲಿ, ಯುದ್ಧದ ಕೊನೆಯ ದಿನಗಳಲ್ಲಿ, ಅಕ್ಕಪಕ್ಕದ ಅಂಗಡಿಗಳಿಗೆ ಹತ್ತಿದ ಬೆಂಕಿಯ ಕಿಡಿ ಹಾರಿ ಬಂದು ಅದು ಸುಟ್ಟುಹೋಯಿತು. ಪುಮ್ಮೆರಿನ್ ಅನ್ನುವ ದೊಡ್ಡ ಗಂಟೆ ಕೆಳಗೆ ಬಿದ್ದು ಚೂರಾಯಿತು. ಆಗ ಊರಲ್ಲಿ ತಿನ್ನೋಕೂ ಸರಿಯಾಗಿ ಇರಲಿಲ್ಲ. ಆದರೂ ಏಳೇ ವರ್ಷದಲ್ಲಿ, 1952ರಲ್ಲಿ, ಚರ್ಚು ಮತ್ತೆ ತೆರೆಯಿತು. ಆಸ್ಟ್ರಿಯಾದ ಪ್ರಾಂತ್ಯಗಳೆಲ್ಲ ಕೈಜೋಡಿಸಿದವು. ನೆಲದ ಕಲ್ಲನ್ನು ಒಂದು ಪ್ರಾಂತ್ಯದವರು ಕೊಟ್ಟರು, ಕಿಟಕಿಗಳನ್ನು ಟಿರೋಲ್‌ನವರು, ಕೂರುವ ಬೆಂಚುಗಳನ್ನು ಫೋರಾರ್ಲ್‌ಬರ್ಗ್‌ನವರು, ಹೆಂಚನ್ನು ವಿಯೆನ್ನಾದವರೇ. ಒಡೆದ ಗಂಟೆಯ ಚೂರುಗಳನ್ನೇ ಕರಗಿಸಿ ಹೊಸ ಗಂಟೆ ಎರಕ ಹೊಯ್ದರು. ಈಗ ಚಾವಣಿಯ ಒಳಗೆ ಮರದ ಬದಲು ಉಕ್ಕಿದೆ.

ಒಳಗೆ ಗೋಡೆಯಲ್ಲಿ ಆಂಟನ್ ಪಿಲ್‌ಗ್ರಾಮ್ ಅನ್ನುವ ಕಟ್ಟಡಗಾರ ತನ್ನದೇ ಮೂರ್ತಿ ಕೆತ್ತಿಕೊಂಡಿದ್ದಾನೆ, 1513ರಲ್ಲಿ. ಕೈಯಲ್ಲಿ ಕೈವಾರ, ಮೂಲೆಮಟ್ಟ. ಮೇಲಿನ ಕಲ್ಲಿನ ಭಾರವೆಲ್ಲ ಅವನ ಹೆಗಲ ಮೇಲೇ ಬಿದ್ದ ಹಾಗಿದೆ. ದಣಿದ ಮುಖ. ಪರೀಕ್ಷೆ ದಿನಗಳಲ್ಲಿ ರಾತ್ರಿಯೆಲ್ಲ ಡ್ರಾಯಿಂಗ್ ಹಾಕಿ ಬೆಳಿಗ್ಗೆ ಎದ್ದು ಬರುವ ನಿನ್ನ ಮುಖ ಕಂಡಿತು ನನಗೆ. ನಿಮ್ಮಮ್ಮನಿಗೂ ತೋರಿಸಿದೆ. ಅವಳೂ ಹೌದು ಅಂದಳು.

ಶೋನ್‌ಬ್ರುನ್ ಅರಮನೆಗೂ ಹೋಗಿದ್ದೆವು. 1,441 ಕೋಣೆಯಂತೆ. ನಿಮ್ಮಮ್ಮನಿಗೆ ತುಂಬಾ ಇಷ್ಟವಾಯಿತು. ಅದನ್ನು ಅವಳೇ ಹೇಳಲಿ.

ನಾನು ಬರೆಯಬೇಕು ಅಂತ ಕೂತದ್ದು ಇಲ್ಲಿಯ ಒಪೆರಾ, ಅಂದರೆ ಹಾಡಿನ ನಾಟಕ ಆಡುವ ಕಟ್ಟಡದ ವಿಷಯ. ಹಳೇ ಕೋಟೆಗೋಡೆ ಕೆಡವಿ ಊರ ಸುತ್ತ ರಿಂಗ್ ರಸ್ತೆ ಮಾಡಿದಾಗ ಕಟ್ಟಿದ್ದು. ಎಡ್ವರ್ಡ್ ಫಾನ್ ಡೆರ್ ನ್ಯೂಲ್, ಆಗಸ್ಟ್ ಸಿಕಾರ್ಡ್ಸ್‌ಬರ್ಗ್ ಅಂತ ಇಬ್ಬರು ಗೆಳೆಯರು ಕೂಡಿ ನಕ್ಷೆ ಹಾಕಿದರು. ಕೆಲಸ ಶುರುವಾದ ಮೇಲೆ ಮುಂದಿನ ರಸ್ತೆಯನ್ನು ಒಂದು ಮೀಟರಿನಷ್ಟು ಎತ್ತರಿಸಿಬಿಟ್ಟರು. ಕಟ್ಟಡ ತಗ್ಗಿನಲ್ಲಿ ಕೂತ ಹಾಗೆ ಕಂಡಿತು. ತಪ್ಪು ಅವರದ್ದಲ್ಲ. ಆದರೂ ಜನ "ಮುಳುಗಿದ ಪೆಟ್ಟಿಗೆ" ಅಂತ ಆಡಿಕೊಂಡರು. ಪತ್ರಿಕೆಗಳೂ ಬಿಡಲಿಲ್ಲ. 1868ರ ಏಪ್ರಿಲ್‌ನಲ್ಲಿ ಫಾನ್ ಡೆರ್ ನ್ಯೂಲ್ ತಾನೇ ಜೀವ ಕಳೆದುಕೊಂಡ. ಹತ್ತು ವಾರಕ್ಕೆ ಗೆಳೆಯನೂ ತೀರಿಕೊಂಡ. ಮರುವರ್ಷ ಮೇ ತಿಂಗಳಲ್ಲಿ ಕಟ್ಟಡ ತೆರೆದಾಗ ನೋಡಲು ಇಬ್ಬರೂ ಇರಲಿಲ್ಲ. ಚಕ್ರವರ್ತಿ ಫ್ರಾಂಜ್ ಜೋಸೆಫ್‌ಗೂ ಅದು ಮನಸ್ಸಿಗೆ ತಟ್ಟಿತಂತೆ. ಆಮೇಲೆ ಯಾರು ಏನು ತೋರಿಸಿದರೂ "ತುಂಬಾ ಚೆನ್ನಾಗಿದೆ, ಸಂತೋಷವಾಯಿತು" ಅಂತಲೇ ಹೇಳುತ್ತಿದ್ದ ಅಂತ ಇಲ್ಲಿ ಕಥೆಯಿದೆ.

1945ರ ಮಾರ್ಚ್‌ನಲ್ಲಿ ಅದರ ಮೇಲೂ ಬಾಂಬ್ ಬಿತ್ತು. ರಂಗಮಂದಿರ ಸುಟ್ಟುಹೋಯಿತು. ಮುಂಭಾಗ, ದೊಡ್ಡ ಮೆಟ್ಟಿಲು ಉಳಿದವು. ಅದೇ ಮೆಟ್ಟಿಲ ಹತ್ತಿರ ಇಬ್ಬರ ಮುಖವನ್ನೂ ದುಂಡಗೆ ಕೆತ್ತಿಟ್ಟಿದ್ದಾರೆ. ನಾನು ಅಲ್ಲಿ ತುಂಬಾ ಹೊತ್ತು ನಿಂತೆ. ಗೈಡ್ ಮುಂದೆ ಹೋಗಿಬಿಟ್ಟಿದ್ದಳು. ಅಣ್ಣ ವಾಪಸ್ ಬಂದು ಕರೆದುಕೊಂಡು ಹೋದ.

ಪುಟ್ಟಿ, ಹೋದ ತಿಂಗಳು ಆರ್ಕಿಟೆಕ್ಚರ್ ಕಾಲೇಜಿನಲ್ಲಿ ನಿನ್ನ ಕೆಲಸ ನೋಡಿ ಅಭಿಪ್ರಾಯ ಹೇಳುವ ಜ್ಯೂರಿ ಮುಗಿದ ರಾತ್ರಿ ನೀನು ಫೋನಿನಲ್ಲಿ ಅತ್ತೆ. ಎರಡು ವಾರ ಕೂತು ಮಾಡಿದ ಮಾಡೆಲ್ ನೋಡಿ ಎಲ್ಲರೆದುರು "ಇದೇನು ಗೋಡೌನಾ?" ಅಂದರು ಅಂದೆ. ನಾನು ಅಂಗಡಿ ಬಾಗಿಲು ಹಾಕುವ ಹೊತ್ತು. "ಹೋಗಲಿ ಬಿಡು, ಉಂಡು ಮಲಗು" ಅಂತ ಫೋನ್ ಇಟ್ಟೆ. ಅದು ತಪ್ಪಾಯಿತು. ಆ ಮಾತು ನಿನಗೆ ಎಷ್ಟು ನೋವು ಕೊಟ್ಟಿತ್ತು ಅಂತ ಆವತ್ತು ನನಗೆ ತಿಳಿಯಲಿಲ್ಲ. ಇವತ್ತು ಆ ಮೆಟ್ಟಿಲ ಮೇಲೆ ತಿಳಿಯಿತು.

ಇನ್ನು ಮುಂದೆ ಅಂಥ ದಿನ ಬಂದರೆ ಎಷ್ಟೊತ್ತಿಗಾದರೂ ಫೋನ್ ಮಾಡು. ಗಿರಾಕಿ ಇದ್ದರೂ ಎತ್ತುತ್ತೇನೆ. ಆ ಮಾಡೆಲ್ ಎಸೆದಿಲ್ಲ ತಾನೇ? ನಾನು ಬಂದ ಮೇಲೆ ತೋರಿಸು. ಬೆಳಕು ಎಲ್ಲಿಂದ ಬರುತ್ತೆ, ಆ ಕಂಬ ಯಾಕೆ ಅಲ್ಲಿಟ್ಟೆ, ಎಲ್ಲ ನಿಧಾನವಾಗಿ ಹೇಳು. ನನಗೆ ಅರ್ಥವಾಗುವವರೆಗೂ ಕೇಳುತ್ತೇನೆ.

ನಿಮ್ಮಮ್ಮನ ಸೂಜಿದಾರದ ಡಬ್ಬಿಯಿಂದ ನೂಲು ತೆಗೆದುಕೊಂಡು, ಸಂಜೆ ಮತ್ತೆ ಚರ್ಚಿನ ಹತ್ತಿರ ಹೋಗಿದ್ದೆ. ಎರಡು ಕಡ್ಡಿಯ ಮೇಲೂ ನೂಲು ಹಿಡಿದು, ತುದಿಗೆ ಗಂಟು ಹಾಕಿ ಕತ್ತರಿಸಿದೆ. ಲಿನನ್ ಅಳತೆಗೆ ಬಿಳಿ ನೂಲು, ಉಣ್ಣೆ ಅಳತೆಗೆ ಕೆಂಪು. ಸಿಕ್ಕಾಗದ ಹಾಗೆ ರಟ್ಟಿಗೆ ಸುತ್ತಿ ಬ್ಯಾಗಿನಲ್ಲಿ ಇಟ್ಟಿದ್ದೇನೆ. ನಿನ್ನ ಡ್ರಾಯಿಂಗ್ ಟೇಬಲ್ಲಿನ ಮೇಲಿನ ಗೋಡೆಯಲ್ಲಿ ಸ್ವಲ್ಪ ಜಾಗ ಬಿಟ್ಟಿರು.

ನಿನ್ನ,
ಅಪ್ಪಾಜಿ